ಬಟ್ಟೆಯ ಅಗಲದಿಂದ ಹೊರಟ ಅಳತೆ: ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಕಟ್ಟಿದ ಪೋಕರ್ ಮೇಜಿನ ವಿಮರ್ಶೆ

7 ಅಡಿ ಉದ್ದ, ಮೂರೂವರೆ ಅಡಿ ಅಗಲದ, 9 ಜನ ಸುತ್ತ ಕುಳಿತು ಪೋಕರ್ ಎಂಬ ಇಸ್ಪೀಟಿನ ಆಟ ಆಡಬಹುದಾದ ಮೇಜೊಂದನ್ನು ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವ ಸಾಮಗ್ರಿಗಳಿಂದಲೇ, 12,000 ರೂಪಾಯಿಯೊಳಗೆ ಕಟ್ಟಬಹುದು. ಅಂಥದೊಂದು ಮೇಜನ್ನು ಕಟ್ಟಿ, ಸಾಕಷ್ಟು ಕಾಲ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಸಿದ್ಧವಾಗಿ ಮಾರಾಟಕ್ಕಿರುವ ಮೇಜುಗಳ ಬೆಲೆ ಇದರ ಹಲವು ಪಟ್ಟು ಇರುತ್ತದೆ, ಸಾಗಣೆಯ ವೆಚ್ಚ ಬೇರೆ. ಅಗ್ಗದ ದರದಲ್ಲಿ ಸಿಗುವ ಮಡಚುವ ಹಲಗೆಗಳಲ್ಲಿ ಬಟ್ಟೆಯ ಗುಣಮಟ್ಟ ತೀರ ಸಾಧಾರಣವಾಗಿರುತ್ತದೆ. ಇವೆರಡರ ನಡುವೆ ನಮ್ಮ ಊರಿನ ಪ್ಲೈವುಡ್ ಅಂಗಡಿ, ಫೋಮ್ ಅಂಗಡಿ, ಸೀಟು ಹೊಲಿಯುವವರು, ವೆಲ್ಡಿಂಗ್ ಮಾಡುವವರು ಸೇರಿದರೆ ಏನು ಸಾಧ್ಯ, ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದನ್ನು ಇಲ್ಲಿ ಸಾಮಗ್ರಿಯ ಜೊತೆಜೊತೆಗೇ ಹೇಳುತ್ತೇನೆ.

ಮೊದಲೇ ಸ್ಪಷ್ಟಪಡಿಸಬೇಕಾದ ಮಾತೊಂದಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದ ಆಟಗಳಾಗಿರಲಿ ಅದೃಷ್ಟದ ಆಟಗಳಾಗಿರಲಿ, ನಿಷೇಧಿಸಿತು. ಅದಕ್ಕೂ ಮುಂಚೆ ಮೊಬೈಲಿನಲ್ಲಿ ಆಡುತ್ತಿದ್ದ ಅನೇಕರಿಗೆ ಎದುರುಬದುರು ಕುಳಿತು ಆಡುವ ಪೋಕರ್‌ನ ಸೊಗಸೇ ಗೊತ್ತಿರಲಿಲ್ಲ. ಎದುರಿನವರ ಮುಖ ನೋಡುತ್ತ, ಆಟದ ಲೆಕ್ಕಕ್ಕೆ ಬಳಸುವ ಬಿಲ್ಲೆಗಳನ್ನು (ಚಿಪ್) ಎಣಿಸಿ ಮುಂದಕ್ಕೆ ಸರಿಸುತ್ತ ಆಡುವಾಗ ಆಟವೇ ಬೇರೆಯಾಗುತ್ತದೆ. ಈ ಮೇಜು ಹಣವಿಲ್ಲದೆ, ಬರೀ ಬಿಲ್ಲೆಗಳಲ್ಲಿ, ಮನೆಯವರು ಮತ್ತು ಗೆಳೆಯರು ಆಡುವುದಕ್ಕಾಗಿ ಕಟ್ಟಿದ್ದು. ಪಣ ಕಟ್ಟಿ ಆಡುವವರಿಗಾಗಿ ಈ ಬರಹವಲ್ಲ.

ಈಗ ಅಳತೆಯ ವಿಚಾರ. ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದ ತೀರ್ಮಾನ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ಲೈವುಡ್ ಶೀಟು 8 ಅಡಿ ಉದ್ದ, 4 ಅಡಿ ಅಗಲದಲ್ಲಿ ಬರುವುದರಿಂದ ಮೇಜನ್ನೂ ಅದೇ ಅಳತೆಗೆ ಮಾಡಿಬಿಡೋಣ ಎಂದು ಹೆಚ್ಚಿನವರು ಹೊರಡುತ್ತಾರೆ. ನೋಡುವುದಕ್ಕೆ ಇದು ಸರಿಯಾದ ಉಳಿತಾಯದಂತೆಯೇ ಕಾಣುತ್ತದೆ. ಆದರೆ ಸೋಫಾ ಬಟ್ಟೆಯಾಗಲಿ ರೆಕ್ಸಿನ್ ಆಗಲಿ ನಮ್ಮಲ್ಲಿ ಸಾಮಾನ್ಯವಾಗಿ 54 ಅಂಗುಲ ಅಗಲದ ಸುರುಳಿಯಲ್ಲಿ ಬರುತ್ತವೆ. ಮೇಜಿನ ಅಂಚಿಗೆ ಸುತ್ತುವ ರೆಕ್ಸಿನ್ನು ಫೋಮಿನ ದಪ್ಪವನ್ನು ಹತ್ತಿ, ಹಲಗೆಯ ದಪ್ಪವನ್ನು ಇಳಿದು, ಕೆಳಗೆ ಕನಿಷ್ಠ 2 ಅಂಗುಲ ಮಡಚಿಕೊಳ್ಳಬೇಕು. ಹೀಗೆ ಪ್ರತಿ ಬದಿಗೂ ಸುಮಾರು 4 ಅಂಗುಲ ಹೆಚ್ಚು ಬೇಕಾಗುತ್ತದೆ. 48 ಅಂಗುಲದ ಮೇಜಿಗೆ 56 ಅಂಗುಲ ಬೇಕು, ಸುರುಳಿಯಲ್ಲಿ ಇರುವುದು 54. ಆಗ ರೆಕ್ಸಿನ್ನನ್ನು ತುಂಡುಗಳಾಗಿ ಕತ್ತರಿಸಿ ಹೊಲಿಸಬೇಕು. ಹೊಲಿಗೆಯ ಕೂಲಿ ಒಂದು ಕಡೆ, ಆ ಹೊಲಿಗೆ ಸರಿಯಾಗಿ ಮೊಣಕೈ ಊರುವ ಜಾಗದಲ್ಲೇ ಬರುವುದು ಇನ್ನೊಂದು ಕಡೆ. ಅದೇ 42 ಅಂಗುಲದ ಮೇಜಾದರೆ 50 ಅಂಗುಲ ಸಾಕು. ಒಂದೇ ತುಂಡು, ಎಲ್ಲಿಯೂ ಹೊಲಿಗೆಯಿಲ್ಲ. ಹಾಗಾಗಿ ಅಗಲವನ್ನು ಮರದ ಶೀಟು ನಿರ್ಧರಿಸಬಾರದು, ಬಟ್ಟೆಯ ಸುರುಳಿ ನಿರ್ಧರಿಸಬೇಕು.

ಅಗಲ ಕಡಿಮೆಯಾದರೆ ಜನ ಕಡಿಮೆಯಾಗುತ್ತಾರೆಯೇ ಎಂಬ ಸಂದೇಹ ಸಹಜ. ಒಬ್ಬರು ಆರಾಮವಾಗಿ ಕೂರಲು ಅಂಚಿನ ಮೇಲೆ ಸುಮಾರು 24 ಅಂಗುಲ ಜಾಗ ಬೇಕು ಎಂದಿಟ್ಟುಕೊಳ್ಳೋಣ. ಎರಡು ನೇರ ಬದಿಗಳು, ಎರಡು ಅರ್ಧವೃತ್ತದ ತುದಿಗಳು ಇರುವ 96 ಅಂಗುಲ ಉದ್ದ, 48 ಅಂಗುಲ ಅಗಲದ ಮೇಜಿನ ಸುತ್ತಳತೆ ಸುಮಾರು 247 ಅಂಗುಲ, ಅಂದರೆ 10 ಜನ. 84 ಅಂಗುಲ ಉದ್ದ, 42 ಅಂಗುಲ ಅಗಲದ ಮೇಜಿನ ಸುತ್ತಳತೆ ಸುಮಾರು 216 ಅಂಗುಲ, ಅಂದರೆ 9 ಜನ. ಅಡ್ಡಳತೆ 48 ಅಂಗುಲ ಇರುವ ದುಂಡು ಮೇಜಿನ ಸುತ್ತಳತೆ 151 ಅಂಗುಲ ಮಾತ್ರ, ಅಲ್ಲಿ 6 ಜನಕ್ಕಿಂತ ಹೆಚ್ಚು ಕೂತರೆ ಮೊಣಕೈಗಳು ತಾಗುತ್ತವೆ. ಎಂಟು ಮೂಲೆಯ ಮೇಜು ನೋಡಲು ಚೆನ್ನ, ಎಂಟು ಜನಕ್ಕೆ ಎಂಟು ಬದಿ ಎಂಬ ಲೆಕ್ಕವೂ ಆಕರ್ಷಕ. ಆದರೆ 4 ಅಡಿಯ ಶೀಟಿನಲ್ಲಿ ಕತ್ತರಿಸಿದ ಎಂಟು ಮೂಲೆಯ ಒಂದೊಂದು ಬದಿಗೂ 20 ಅಂಗುಲಕ್ಕಿಂತ ತುಸು ಕಡಿಮೆಯೇ ಸಿಗುತ್ತದೆ, ಮೇಲಾಗಿ ಎಂಟೂ ಮೂಲೆಗಳಲ್ಲಿ ರೆಕ್ಸಿನ್ನಿನ ಮಡಿಕೆ ಬರುತ್ತದೆ. ಮನೆಯಲ್ಲಿ ಆಡುವವರು ಸಾಮಾನ್ಯವಾಗಿ 6ರಿಂದ 9 ಜನ ಇರುವುದರಿಂದ 84 ಮತ್ತು 42 ಅಂಗುಲದ ಅಂಡಾಕಾರವೇ ನನ್ನ ಆಯ್ಕೆಯಾಯಿತು, ಬಳಸಿದ ಮೇಲೂ ಆ ಆಯ್ಕೆ ಸರಿ ಎನಿಸಿದೆ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಮಾತ್ರ ಶೀಟು ಕತ್ತರಿಸಲು ಕೊಡುವ ಮುಂಚೆ ಲಿಫ್ಟಿನ ಬಾಗಿಲ ಎತ್ತರವನ್ನೂ ಮೆಟ್ಟಿಲ ತಿರುವನ್ನೂ ಅಳೆದುಕೊಳ್ಳಬೇಕು. 7 ಅಡಿಯ ತುಂಡು ಎಲ್ಲ ಲಿಫ್ಟುಗಳಲ್ಲಿಯೂ ನೆಟ್ಟಗೆ ನಿಲ್ಲುವುದಿಲ್ಲ.

ಮೇಜಿನ ರಚನೆ ಸರಳವಾದದ್ದು. 12 ಮಿ.ಮೀ. ದಪ್ಪದ ಒಂದು ಶೀಟಿನಿಂದ ಪೂರ್ಣ ಅಂಡಾಕಾರದ ತಳ. 18 ಮಿ.ಮೀ. ದಪ್ಪದ ಇನ್ನೊಂದು ಶೀಟಿನಿಂದ ಅದೇ ಅಳತೆಯ ಅಂಡಾಕಾರವನ್ನು ಕತ್ತರಿಸಿ, ಅದರೊಳಗಿಂದ ನಾಲ್ಕೂವರೆ ಅಂಗುಲ ಅಗಲದ ಬಳೆಯನ್ನು ಬಿಡಿಸಿಕೊಳ್ಳಬೇಕು. ಆ ಬಳೆಗೆ ಫೋಮು ಮತ್ತು ರೆಕ್ಸಿನ್ನು ಸುತ್ತಿದರೆ ಆಟಗಾರರು ಕೈ ಊರುವ ಮೆತ್ತನೆಯ ಅಂಚು ಸಿದ್ಧ. ಪೋಕರ್ ಆಡುವವರು ಇದನ್ನು ರೈಲ್ ಎನ್ನುತ್ತಾರೆ. ಒಳಗೆ ಉಳಿದ 75 ಅಂಗುಲ ಉದ್ದ, 33 ಅಂಗುಲ ಅಗಲದ ತುಂಡೇ ಇಸ್ಪೀಟಿನ ಎಲೆ ಹಾಕುವ ಮೈ. ರೈಲನ್ನೂ ಒಳಗಿನ ಹಲಗೆಯನ್ನೂ ತಳದ ಕೆಳಗಿನಿಂದ ಸ್ಕ್ರೂ ಹಾಕಿ ಬಿಗಿಯಬೇಕೇ ಹೊರತು ಅಂಟು ಹಾಕಬಾರದು. ಬಟ್ಟೆಯ ಮೇಲೆ ಕಾಫಿ ಚೆಲ್ಲಿದಾಗ, ಕೆಲವು ವರ್ಷಗಳ ನಂತರ ಬಟ್ಟೆ ಸವೆದಾಗ, ಎಂಟು ಹತ್ತು ಸ್ಕ್ರೂ ತೆಗೆದು ಒಳಹಲಗೆಯನ್ನು ಮಾತ್ರ ಹೊರಗೆ ತೆಗೆದು ಹೊಸ ಬಟ್ಟೆ ಹಾಕಿಕೊಳ್ಳಬಹುದು. ದುಬಾರಿ ಬೆಲೆಯ ಸಿದ್ಧ ಮೇಜುಗಳಲ್ಲಿಯೂ ಈ ಅನುಕೂಲ ಎಲ್ಲದರಲ್ಲಿಯೂ ಇರುವುದಿಲ್ಲ. ಒಳಹಲಗೆಯ ಸುತ್ತ ಬಟ್ಟೆಗೂ ರೆಕ್ಸಿನ್ನಿಗೂ ಜಾಗ ಬೇಕಾದ್ದರಿಂದ 3 ಮಿ.ಮೀ.ನಷ್ಟು ಸಡಿಲ ಬಿಡಬೇಕು. ಗರಗಸದ ಅಲಗೇ ಅದರಲ್ಲಿ ಒಂದಷ್ಟನ್ನು ತಿಂದುಹಾಕುತ್ತದೆ, ಉಳಿದದ್ದನ್ನು ಉಪ್ಪುಕಾಗದದಲ್ಲಿ ಉಜ್ಜಿಕೊಂಡರೆ ಸಾಕು.

ಪ್ಲೈವುಡ್ಡಿನ ವಿಷಯದಲ್ಲಿ ಅಂಗಡಿಯವರು ಬಹಳ ಉತ್ಸಾಹದಿಂದ ಮೆರೈನ್ ಪ್ಲೈ ತೋರಿಸುತ್ತಾರೆ. ಐಎಸ್ 710 ಎಂಬ ಭಾರತೀಯ ಮಾನಕದ ಈ ಪ್ಲೈಯಲ್ಲಿ ಫಿನಾಲ್ ಫಾರ್ಮಾಲ್ಡಿಹೈಡ್ ಅಂಟು ಇರುವುದರಿಂದ ಅದು ಕುದಿಯುವ ನೀರನ್ನೂ ತಡೆಯುತ್ತದೆ. ಅಡುಗೆಮನೆಯ ಸಿಂಕಿನ ಕೆಳಗೆ ಅದು ಬೇಕೇ ಬೇಕು. ಹಾಲಿನಲ್ಲಿ ಒಣಗಿದ ಜಾಗದಲ್ಲಿ ನಿಲ್ಲುವ, ಪೂರ್ತಿಯಾಗಿ ಬಟ್ಟೆ ಮತ್ತು ರೆಕ್ಸಿನ್ನಿನಿಂದ ಮುಚ್ಚಿಹೋಗುವ ಮೇಜಿಗೆ ಐಎಸ್ 303 ಮಾನಕದ ಎಂಆರ್, ಅಂದರೆ ತೇವ ತಡೆಯುವ ದರ್ಜೆಯ ಪ್ಲೈ ಧಾರಾಳವಾಗಿ ಸಾಕು. ಮೇಲ್ಪದರದ ಅಂದಕ್ಕೂ ಹಣ ಕೊಡಬೇಕಾಗಿಲ್ಲ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನೋಡಬೇಕಾದದ್ದು ಶೀಟಿನ ಅಂಚನ್ನು. ಪದರಗಳ ನಡುವೆ ಸಂದು ಕಂಡರೆ ಆ ಶೀಟು ಬೇಡ. ಮೈಮೇಲೆ ಗೆಣ್ಣಿನಿಂದ ತಟ್ಟುತ್ತ ಹೋದಾಗ ಎಲ್ಲಿಯಾದರೂ ಟೊಳ್ಳು ಸದ್ದು ಬಂದರೂ ಬೇಡ, ಏಕೆಂದರೆ ರೈಲಿನ ಬಳೆ ಕೇವಲ ನಾಲ್ಕೂವರೆ ಅಂಗುಲ ಅಗಲವಿದ್ದು, ಒಳಗೆ ಟೊಳ್ಳಿದ್ದರೆ ಅಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ಐಎಸ್‌ಐ ಗುರುತು, ಪರವಾನಗಿ ಸಂಖ್ಯೆ, ದರ್ಜೆ ಮೂರನ್ನೂ ಶೀಟಿನ ಮೇಲೆಯೇ ಮುದ್ರಿಸಿರುತ್ತಾರೆ. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಒಂದೇ ದರ್ಜೆಯ ಶೀಟಿಗೆ ಅಂಗಡಿಯಿಂದ ಅಂಗಡಿಗೆ ದರ ಬೇರೆಯಾಗುತ್ತದೆ, ಆದ್ದರಿಂದ ಮೂರು ನಾಲ್ಕು ಕಡೆ ವಿಚಾರಿಸುವುದು ಲಾಭ. ಕೇರಳದ ಪೆರುಂಬಾವೂರಿನ ಕಾರ್ಖಾನೆಗಳಿಂದ ಬರುವ, ಹೆಸರು ಅಷ್ಟಾಗಿ ಕೇಳದ ಪ್ಲೈಗಳು ಇಂಥ ಕೆಲಸಕ್ಕೆ ಚೆನ್ನಾಗಿಯೇ ಒದಗುತ್ತವೆ. ನನ್ನ ತಳದ ಹಲಗೆ ಅಂಥದ್ದೇ, ಇಂದಿಗೂ ಎಲ್ಲಿಯೂ ಬಾಗಿಲ್ಲ. ಮಂಗಳೂರು, ಕಾರವಾರದ ಕಡೆ ಇರುವವರಿಗೆ ಮಾತ್ರ ನನ್ನ ಸಲಹೆ ಬೇರೆ. ಅಲ್ಲಿನ ಮಳೆಗಾಲದ ತೇವಕ್ಕೆ ತಳದ ಹಲಗೆಯನ್ನಾದರೂ ಬಿಡಬ್ಲ್ಯುಪಿ, ಅಂದರೆ ಕುದಿಯುವ ನೀರನ್ನೂ ತಡೆಯುವ ದರ್ಜೆಯದ್ದನ್ನು ಹಾಕುವುದೇ ಲೇಸು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ನುಣುಪಾಗಿದ್ದರೂ ಪ್ಲೈಗಿಂತ ತೂಕ ಹೆಚ್ಚು, ಅಂಚಿನಲ್ಲಿ ಸ್ಟೇಪಲ್ ಪಿನ್ನನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಮರದ ಚೂರುಗಳನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡನ್ನು ಈ ಕೆಲಸಕ್ಕೆ ಯೋಚಿಸಲೇಬಾರದು. ಪ್ಲೈಯ ಎರಡೂ ಹಲಗೆ ಸೇರಿ ಸುಮಾರು 37 ಕಿಲೋ ಆಗುತ್ತದೆ, ಇಬ್ಬರು ಎತ್ತಿ ಗೋಡೆಗೆ ಒರಗಿಸಬಹುದು.

ಕತ್ತರಿಸುವ ಕೆಲಸವನ್ನು ಬಡಗಿಯವರಿಗೆ ಬಿಟ್ಟದ್ದು ಒಳ್ಳೆಯದಾಯಿತು. ಅಂಡಾಕಾರದ ಗುರುತು ಹಾಕಲು ದಾರ ಬೇಡ, ಎಳೆದಂತೆ ಅದು ಹಿಗ್ಗುತ್ತದೆ. ತೆಳುವಾದ ರೀಪಿನ ಪಟ್ಟಿಗೆ ಒಂದು ತುದಿಯಲ್ಲಿ ಮೊಳೆ, 21 ಅಂಗುಲದ ದೂರದಲ್ಲಿ ಪೆನ್ಸಿಲ್ ತೂರುವ ತೂತು ಮಾಡಿಕೊಂಡರೆ ಎರಡೂ ತುದಿಯ ಅರ್ಧವೃತ್ತಗಳು ಕರಾರುವಾಕ್ಕಾಗಿ ಬರುತ್ತವೆ. ಅದೇ ಪಟ್ಟಿಯಲ್ಲಿ ಹದಿನಾರೂವರೆ ಅಂಗುಲಕ್ಕೆ ಇನ್ನೊಂದು ತೂತು ಮಾಡಿದರೆ ಒಳಗಿನ ಗೆರೆಯೂ ಸಿಗುತ್ತದೆ. ಜಿಗ್‌ಸಾ ಯಂತ್ರವನ್ನು ನಿಧಾನವಾಗಿ, ಸಣ್ಣ ಹಲ್ಲಿನ ಅಲಗಿನಿಂದ ಓಡಿಸಬೇಕು. ಒಳಗಿನ ಗೆರೆಯನ್ನು ಆರಂಭಿಸಲು ಬಳೆಯ ಕಡೆಗಲ್ಲ, ಒಳಹಲಗೆಯ ಕಡೆಗೆ ತೂತು ಕೊರೆಯಬೇಕು, ಆ ತೂತು ಬಟ್ಟೆಯ ಕೆಳಗೆ ಮುಚ್ಚಿಹೋಗುತ್ತದೆ. ಕೆಲಸಕ್ಕೆ ಬಂದ ಬಡಗಿಯವರು ಅಂಡಾಕಾರವನ್ನು ಕತ್ತರಿಸಿ ಮುಗಿಸಿದ ಮೇಲೆ, "ಸಾರ್, ಅಂಚು ಚೂಪಾಗಿದ್ರೆ ರೆಕ್ಸಿನ್ನು ಅಲ್ಲೇ ಹರಿಯತ್ತೆ, ಸ್ವಲ್ಪ ದುಂಡಗೆ ಮಾಡಿಕೊಡ್ತೀನಿ ಬಿಡಿ" ಎಂದು ಕೇಳದೆಯೇ ಎಲ್ಲ ಅಂಚುಗಳನ್ನೂ ಉಜ್ಜಿ ಮೃದುವಾಗಿಸಿದರು. ಆ ಅರ್ಧ ಗಂಟೆಯ ಕೆಲಸದ ಬೆಲೆ ಆಮೇಲೆ ರೆಕ್ಸಿನ್ ಎಳೆಯುವಾಗ ತಿಳಿಯಿತು.

ಎಲೆ ಹಾಕುವ ಮೈಯ ಕೆಳಗೆ ತೆಳುವಾದ ಮೆತ್ತೆ ಇರಲೇಬೇಕು. ಇದಿಲ್ಲದಿದ್ದರೆ ಎಲೆಯ ಮೂಲೆಯನ್ನು ಬೆರಳಿನಿಂದ ಎತ್ತಲಾಗುವುದಿಲ್ಲ, ಬಿಲ್ಲೆಗಳು ಮರದ ಮೇಲೆ ಬಿದ್ದಂತೆ ಟಪಟಪ ಸದ್ದು ಮಾಡುತ್ತವೆ. ಸೋಫಾದ ಫೋಮು ಇಲ್ಲಿ ಸಲ್ಲದು. ಅದು ಒತ್ತಿದಲ್ಲಿ ತಗ್ಗಾಗುವುದರಿಂದ ಬಿಲ್ಲೆಗಳ ಸಾಲು ವಾಲುತ್ತದೆ. ಬೇಕಾದದ್ದು 5 ಅಥವಾ 6 ಮಿ.ಮೀ. ದಪ್ಪದ, ನೀರು ಹೀರದ, ಬಿಗಿಯಾದ ಎಕ್ಸ್‌ಎಲ್‌ಪಿಇ ಅಥವಾ ಇವಿಎ ಎಂಬ ಪ್ಲಾಸ್ಟಿಕ್ ಫೋಮಿನ ಹಾಳೆ. ಪ್ಯಾಕಿಂಗ್ ಸಾಮಗ್ರಿ ಮಾರುವವರಲ್ಲಿ ಇದು ಅಗಲವಾದ ಸುರುಳಿಯಲ್ಲಿ ಸಿಗುತ್ತದೆ. ಯೋಗದ ಚಾಪೆಯನ್ನು ಹಾಕಬಹುದು ಎಂದು ಹಲವರು ಸೂಚಿಸುವುದುಂಟು. ವಸ್ತು ಸರಿಯಾದದ್ದೇ, ಆದರೆ ಅದರ ಅಗಲ ಸುಮಾರು 2 ಅಡಿ ಮಾತ್ರ. 33 ಅಂಗುಲದ ಮೈಗೆ ಎರಡು ಚಾಪೆ ಜೋಡಿಸಬೇಕಾಗುತ್ತದೆ, ಜೋಡಣೆಯ ಗೆರೆ ಬಟ್ಟೆಯ ಮೇಲೆಯೂ ಎದ್ದು ಕಾಣುತ್ತದೆ, ಎಲೆಗಳು ಆ ಗೆರೆಗೆ ಬಂದು ನಿಲ್ಲುತ್ತವೆ. ಒಂದೇ ಹಾಳೆಯೇ ಸರಿ.

ಬಟ್ಟೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಮೇಜಿನ ಗುಣವೆಲ್ಲ ಕೊನೆಗೆ ಇದರಲ್ಲಿಯೇ ಇದೆ. ಪೋಕರ್ ಮೇಜು ಎಂದೊಡನೆ ಹಸಿರು ಫೆಲ್ಟ್ ನೆನಪಾಗುತ್ತದೆ. ಕರಕುಶಲ ವಸ್ತುಗಳ ಅಂಗಡಿಯಲ್ಲಿ ಮೀಟರಿಗೆ ಅಗ್ಗವಾಗಿ ಸಿಗುವ, ನೇಯದೆ ಒತ್ತಿ ಮಾಡಿದ ಫೆಲ್ಟನ್ನು ದಯವಿಟ್ಟು ಕೊಳ್ಳಬೇಡಿ. ಕೆಲವೇ ದಿನಗಳಲ್ಲಿ ಅದರ ಮೇಲೆ ನೂಲಿನ ಉಂಡೆಗಳು ಏಳುತ್ತವೆ, ಎಲೆ ಜಾರುವುದಿಲ್ಲ, ಒಂದು ಹನಿ ನೀರು ಬಿದ್ದರೂ ಕಲೆ ಉಳಿಯುತ್ತದೆ. ಬಿಲಿಯರ್ಡ್ಸ್ ಮೇಜಿಗೆ ಹಾಕುವ ಉಣ್ಣೆಯ ಬಟ್ಟೆ ಉತ್ತಮವಾದದ್ದೇ, ಆದರೆ ಅದರ ಬೆಲೆ ನಮ್ಮ ಲೆಕ್ಕವನ್ನು ಮೀರುತ್ತದೆ. ಮಖಮಲ್ಲು ಕಣ್ಣಿಗೆ ಹಬ್ಬ, ಆಟಕ್ಕೆ ತೊಡಕು. ಸ್ವೀಡ್ ಎಂದು ಕರೆಯುವ ಮೈಕ್ರೋಫೈಬರ್ ಸೋಫಾ ಬಟ್ಟೆ ನಡುವಿನ ದಾರಿ. ಕೈಗೆ ಬಹಳ ಹಿತ, ಬಣ್ಣಗಳೂ ಬಹಳ. ಅದರ ಮೇಲಿನ ಸಣ್ಣ ಕೂದಲುಗಳು ಒಂದೇ ದಿಕ್ಕಿಗೆ ಮಲಗಿರುವುದರಿಂದ ಎಲೆ ಒಂದು ಕಡೆಗೆ ಸಲೀಸಾಗಿ, ಎದುರು ದಿಕ್ಕಿಗೆ ನಿಧಾನವಾಗಿ ಜಾರುತ್ತದೆ. ಎಲೆ ಹಂಚುವವರು ಪ್ರತಿ ಆಟಕ್ಕೂ ಬದಲಾಗುವ ಮನೆಯ ಆಟದಲ್ಲಿ ಇದು ಗಮನಕ್ಕೆ ಬರುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬಿಗಿಯಾಗಿ ನೇಯ್ದ, ಕೂದಲಿಲ್ಲದ, ನೀರು ನಿಲ್ಲದಂತೆ ಲೇಪ ಕೊಟ್ಟ ಸಾದಾ ಪಾಲಿಯೆಸ್ಟರ್ ಸೋಫಾ ಬಟ್ಟೆ. ವಿದೇಶದ ಪೋಕರ್ ಮೇಜುಗಳಲ್ಲಿ ಬಳಸುವ ಸ್ಪೀಡ್ ಕ್ಲಾತ್ ಕೂಡ ಮೂಲತಃ ಇಂಥ ಪಾಲಿಯೆಸ್ಟರ್ ಬಟ್ಟೆಯೇ, ಅದರ ಮೇಲೆ ಇಸ್ಪೀಟಿನ ಸಣ್ಣ ಗುರುತುಗಳಿರುತ್ತವೆ ಅಷ್ಟೆ. ಆಮದಾದ ಆ ಬಟ್ಟೆಗೆ ಕೊಡುವ ಹಣದಲ್ಲಿ ಇಲ್ಲಿನ ಬಟ್ಟೆಯನ್ನು ಹಲವು ಬಾರಿ ಬದಲಿಸಬಹುದು. ಬಟ್ಟೆಯ ಅಂಗಡಿಗೆ ಹೋಗುವಾಗ ಒಂದು ಜೊತೆ ಎಲೆ, ನಾಲ್ಕೈದು ಬಿಲ್ಲೆ ಕಿಸೆಯಲ್ಲಿರಲಿ. ಬಟ್ಟೆಯನ್ನು ಗಲ್ಲಾದ ಮೇಲೆ ಹರಡಿ, ಎಲೆಯೊಂದನ್ನು ನಾಲ್ಕೂ ದಿಕ್ಕಿಗೆ ಜಾರಿಸಿ ನೋಡಬೇಕು. ಒಂದೂವರೆ ಎರಡು ಅಡಿ ಸಾಗಿ ತಾನಾಗಿ ನಿಂತರೆ ಸರಿಯಾದ ಹದ. ತೇಲಿಕೊಂಡು ಹೋಗಿ ಗಲ್ಲಾದಿಂದ ಕೆಳಗೆ ಬಿದ್ದರೆ ಬಟ್ಟೆ ಅತಿಯಾಗಿ ನುಣುಪು ಎಂದರ್ಥ. ಅಂಗಡಿಯವರ ಅನುಮತಿ ಕೇಳಿ ಮಾದರಿ ತುಂಡಿನ ಮೇಲೆ ಎರಡು ಹನಿ ನೀರು ಹಾಕಿದರೆ ಲೇಪದ ಗುಣವೂ ತಿಳಿಯುತ್ತದೆ. ಹನಿ ಮುತ್ತಿನಂತೆ ನಿಂತರೆ ಚಹಾ ಚೆಲ್ಲಿದಾಗ ಒರೆಸಿಕೊಳ್ಳಲು ಸಮಯ ಸಿಗುತ್ತದೆ. ನಾನು ಆರಿಸಿದ್ದು ಗಾಢ ಹಸಿರು. ಕಡು ನೀಲಿ, ಮರೂನ್ ಬಣ್ಣಗಳೂ ಒಪ್ಪುತ್ತವೆ. ಕಪ್ಪು ಬಟ್ಟೆಯಲ್ಲಿ ಪ್ರತಿಯೊಂದು ಧೂಳಿನ ಕಣವೂ ಕಾಣುತ್ತದೆ, ತಿಳಿ ಬಣ್ಣದಲ್ಲಿ ಕೈಯ ಜಿಡ್ಡು ಕಾಣುತ್ತದೆ. ಎರಡೂಕಾಲು ಮೀಟರ್ ಬಟ್ಟೆ ಸಾಕು.

ರೈಲಿನ ಫೋಮಿನಲ್ಲಿ ಮೋಸಹೋಗುವುದು ಸುಲಭ. ಫೋಮಿನ ಗುಣವನ್ನು ನಮ್ಮಲ್ಲಿ ಡೆನ್ಸಿಟಿಯ ಸಂಖ್ಯೆಯಿಂದ ಹೇಳುತ್ತಾರೆ: 28, 32, 40. ಇದು ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕಿಲೋ ಎಂಬ ಲೆಕ್ಕ. ದಿನವೂ ಮೊಣಕೈ ಊರುವ ಜಾಗಕ್ಕೆ 40 ಬೇಕು, ಅದಕ್ಕಿಂತ ಕಡಿಮೆಯದು ಬೇಗ ಚಪ್ಪಟೆಯಾಗುತ್ತದೆ. ನಾನು ಹೋದ ಅಂಗಡಿಯೊಂದರಲ್ಲಿ 40 ಎಂದು ಕೊಟ್ಟ ಹಾಳೆ ಎತ್ತಿದಾಗಲೇ ಹಗುರವೆನಿಸಿತು, ತಕ್ಕಡಿಗೆ ಹಾಕಿದಾಗ ನಿಜಾಂಶ ಹೊರಬಂತು. ಲೆಕ್ಕ ಬಹಳ ಸುಲಭ. 6 ಅಡಿ ಉದ್ದ, 3 ಅಡಿ ಅಗಲ, 1 ಅಂಗುಲ ದಪ್ಪದ ಹಾಳೆ 40 ಡೆನ್ಸಿಟಿಯದಾದರೆ ಸುಮಾರು 1.7 ಕಿಲೋ ತೂಗಬೇಕು, 28ರದ್ದಾದರೆ 1.2 ಕಿಲೋ ಮಾತ್ರ. ಅಂಗಡಿಯಲ್ಲೇ ತೂಗಿಸಿ ಕೊಳ್ಳುವುದಕ್ಕೆ ಸಂಕೋಚ ಬೇಡ. ಈ ಒಂದು ಹಾಳೆಯಲ್ಲಿ ಇಡೀ ರೈಲು ಮುಗಿಯುತ್ತದೆ. 5 ಅಂಗುಲದ ಪಟ್ಟಿಗಳಾಗಿ ಕತ್ತರಿಸಿ, ಹೊರಗಡೆಗೆ ಅರ್ಧ ಅಂಗುಲ ಚಾಚುವಂತೆ ಅಂಟಿಸಿದರೆ ರೆಕ್ಸಿನ್ನು ಎಳೆದಾಗ ಆ ಚಾಚು ಬಾಗಿ ಅಂಚು ದುಂಡಗಾಗುತ್ತದೆ. ತಿರುವುಗಳಲ್ಲಿ ಪಟ್ಟಿಯನ್ನು ಬಲವಂತವಾಗಿ ಬಗ್ಗಿಸದೆ, ಹಲಗೆಯ ಆಕಾರಕ್ಕೆ ಗುರುತು ಮಾಡಿ ಕತ್ತರಿಸಿದ ತುಂಡುಗಳನ್ನೇ ಹಾಕಬೇಕು.

ರೆಕ್ಸಿನ್ನಿಗೆ ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಕಾರಿನ, ಆಟೋದ ಸೀಟು ಹೊಲಿಯುವವರ ನಡುವೆಯೇ ಸಾಮಗ್ರಿಯೂ ಸಿಗುತ್ತದೆ, ಅದನ್ನು ಹೇಗೆ ಎಳೆಯಬೇಕೆಂದು ತಿಳಿದ ಕೈಗಳೂ ಸಿಗುತ್ತವೆ. ಆರಿಸುವಾಗ ರೆಕ್ಸಿನ್ನಿನ ಹಿಂಬದಿಯನ್ನು ತಿರುಗಿಸಿ ನೋಡಿ. ಹಿಂದೆ ನೇಯ್ದ ಬಟ್ಟೆ ಇದ್ದರೆ ಅದು ಹಿಗ್ಗುವುದಿಲ್ಲ, ಬನಿಯನ್ನಿನ ಬಟ್ಟೆಯಂಥ ಹೆಣಿಗೆ ಇದ್ದರೆ ಎರಡೂ ಕಡೆಗೆ ಹಿಗ್ಗುತ್ತದೆ. ಅರ್ಧವೃತ್ತದ ತುದಿಗಳಲ್ಲಿ ಮಡಿಕೆ ಬಾರದಿರಲು ಈ ಎರಡನೆಯದೇ ಬೇಕು. ಎರಡೂವರೆ ಮೀಟರಿನ ಒಂದೇ ತುಂಡನ್ನು ಬಳೆಯ ಮೇಲೆ ಹಾಸಿ, ಹೊರಗಿನ ಅಂಚನ್ನು ಮೊದಲು ನಾಲ್ಕು ಕಡೆ, ಆಮೇಲೆ ನಡುನಡುವೆ, ಎದುರುಬದುರಾಗಿ ಪಿನ್ನು ಹೊಡೆಯುತ್ತ ಬರಬೇಕು. ಹೊರಗಿನದು ಪೂರ್ತಿಯಾದ ಮೇಲಷ್ಟೇ ಒಳಗಿನ ಭಾಗವನ್ನು ಕತ್ತರಿಸಿ, ತಿರುವುಗಳಲ್ಲಿ ಸಣ್ಣ ಸಣ್ಣ ಸೀಳು ಕೊಟ್ಟು ಒಳಗೆ ಮಡಚಬೇಕು. ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಗಾಳಿ ಕೊಟ್ಟರೆ ರೆಕ್ಸಿನ್ನು ಮೆತ್ತಗಾಗಿ ಹೇಳಿದಂತೆ ಕೇಳುತ್ತದೆ. ಈ ಕೆಲಸಕ್ಕೆ ಇಬ್ಬರು ಬೇಕು, ಒಬ್ಬರು ಎಳೆಯಲು, ಒಬ್ಬರು ಪಿನ್ನು ಹೊಡೆಯಲು. ಕೈಯಿಂದ ಒತ್ತುವ ಸ್ಟೇಪಲ್ ಗನ್ನು, 8 ಮಿ.ಮೀ. ಪಿನ್ನು ಸಾಕು. ನಡುವಿನಿಂದ ಕತ್ತರಿಸಿ ತೆಗೆದ ದೊಡ್ಡ ತುಂಡನ್ನು ಎಸೆಯಬೇಡಿ, ಬಿಲ್ಲೆ ಮತ್ತು ಎಲೆಗಳನ್ನು ಇಡುವ ಚೀಲವನ್ನು ಅದರಿಂದಲೇ ಹೊಲಿಸಬಹುದು.

ಅಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋಮನ್ನು ಮರಕ್ಕೆ ಹಿಡಿಸಲು ಫೆವಿಕಾಲ್ ಎಸ್ಆರ್‌ನಂಥ ರಬ್ಬರ್ ಅಂಟು ಬೇಕು. ಎರಡೂ ಮೈಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಒಳಹಲಗೆಯ ಮೆತ್ತೆಗೂ ಹೀಗೆಯೇ. ಬಟ್ಟೆಗೆ ಮಾತ್ರ ಅಂಟು ತಾಗಿಸಲೇಬಾರದು, ಅದನ್ನು ಎಳೆದು ಹಲಗೆಯ ಕೆಳಗೆ ಪಿನ್ನು ಹೊಡೆದರೆ ಸಾಕು. ಕಿಟಕಿ ತೆರೆದಿರಲಿ, ಈ ಅಂಟಿನ ವಾಸನೆ ತಲೆಗೆ ಏರುತ್ತದೆ.

ಕಾಲುಗಳಿಗೆ ಬಡಾವಣೆಯ ವೆಲ್ಡಿಂಗ್ ಅಂಗಡಿಯೇ ಉತ್ತಮ. ಕಲ್ಯಾಣಮಂಟಪದ ಊಟದ ಟೇಬಲ್ಲಿಗೆ ಇರುವಂಥ ಮಡಚುವ ಕಾಲುಗಳನ್ನೇ ಇನ್ನಷ್ಟು ಅಗಲವಾಗಿ, 1 ಅಂಗುಲದ ಚೌಕ ಪೈಪಿನಲ್ಲಿ ಮಾಡಿಸಿಕೊಂಡೆ. ಒಟ್ಟು ಎತ್ತರ ನೆಲದಿಂದ ರೈಲಿನ ಮೇಲ್ಭಾಗಕ್ಕೆ 30 ಅಂಗುಲ ಇರಲಿ, ಮನೆಯ ಸಾಮಾನ್ಯ ಕುರ್ಚಿಗಳಿಗೆ ಅದು ಹೊಂದುತ್ತದೆ, ಮಂಡಿಗೂ ಜಾಗ ಉಳಿಯುತ್ತದೆ. ಕಾಲಿನ ಚೌಕಟ್ಟುಗಳು ಎರಡೂ ತುದಿಯಿಂದ ಒಂದೂಕಾಲು ಅಡಿಯಷ್ಟು ಒಳಗಿರಬೇಕು, ಇಲ್ಲದಿದ್ದರೆ ತುದಿಯಲ್ಲಿ ಕೂತವರ ಮಂಡಿಗೆ ಪೈಪು ಬಡಿಯುತ್ತದೆ. ವೆಲ್ಡಿಂಗ್ ಆದ ಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್, ಅದರ ಮೇಲೆ ಕಪ್ಪು ಬಣ್ಣ, ಅಡಿಯಲ್ಲಿ ರಬ್ಬರ್ ಬುಷ್. ಕಾಲುಗಳ ನಡುವೆ ಅಡ್ಡಪಟ್ಟಿ ಮತ್ತು ಬೀಗದ ಕೊಂಡಿ ಗಟ್ಟಿಯಾಗಿರಬೇಕೆಂದು ಒತ್ತಿ ಹೇಳಬೇಕು, 9 ಜನ ಒರಗುವ ಮೇಜು ಅಲುಗಬಾರದು. ಶೀಟಿನಲ್ಲಿ ಉಳಿದ ಪಟ್ಟಿಗಳನ್ನು ತಳದ ಕೆಳಗೆ ಉದ್ದಕ್ಕೆ ಎರಡು ಕಡೆ ಬಡಿದರೆ ಬಾಗುವ ಭಯವೂ ಇಲ್ಲ.

ಖರ್ಚಿನ ವಿವರ ಹೀಗಿದೆ. ಇವು ನಾನು ಕೊಂಡಾಗಿನ ಸುಮಾರು ದರಗಳು, ಊರಿಗೆ ತಕ್ಕಂತೆ ಹೆಚ್ಚು ಕಡಿಮೆ ಆಗುತ್ತವೆ. 18 ಮಿ.ಮೀ. ಶೀಟಿಗೆ 2,500, 12 ಮಿ.ಮೀ. ಶೀಟಿಗೆ 1,900, ಕತ್ತರಿಸಿದ ಕೂಲಿ 600, ಬಟ್ಟೆಗೆ 1,000, ತೆಳು ಮೆತ್ತೆಗೆ 600, ರೈಲಿನ ಫೋಮಿಗೆ 900, ರೆಕ್ಸಿನ್ನಿಗೆ 800, ಅಂಟು, ಪಿನ್ನು, ಸ್ಕ್ರೂಗಳಿಗೆ 700, ಕಾಲುಗಳಿಗೆ 2,600. ಒಟ್ಟು 11,600 ರೂಪಾಯಿ. ಸ್ಟೇಪಲ್ ಗನ್ನನ್ನು ಸೇರಿಸಿಲ್ಲ, ಅದನ್ನು ನೆರೆಯವರಿಂದ ಎರವಲು ತಂದಿದ್ದೆ.

ಇದರಲ್ಲಿ ಇನ್ನೂ ಉಳಿಸಬೇಕೆಂದರೆ ಕಾಲುಗಳಲ್ಲಿ ಉಳಿಸಬಹುದು: ಊಟದ ಮೇಜಿನ ಮೇಲೆ ಇಡುವಂತೆ ಮೇಲ್ಭಾಗವನ್ನಷ್ಟೇ ಕಟ್ಟಿ, ತಳಕ್ಕೆ ಜಾರದಂತೆ ರಬ್ಬರ್ ಪಟ್ಟಿ ಅಂಟಿಸಿಕೊಳ್ಳಬಹುದು. ಬಟ್ಟೆ ಮತ್ತು ರೈಲಿನ ಫೋಮಿನಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಉಳಿಸಲು ಹೋಗಬಾರದು. ಲೋಟ ಇಡುವ ಸ್ಟೀಲಿನ ಕುಳಿಗಳನ್ನು ರೈಲಿನಲ್ಲಿ ಕೊರೆಸುವ ಆಸೆ ಎಲ್ಲರಿಗೂ ಬರುತ್ತದೆ. ನಾಲ್ಕೂವರೆ ಅಂಗುಲದ ಬಳೆಯಲ್ಲಿ ಮೂರೂವರೆ ಅಂಗುಲದ ತೂತು ಕೊರೆದರೆ ಅಲ್ಲಿ ಮರವೇ ಉಳಿಯುವುದಿಲ್ಲ. ಇಬ್ಬರ ನಡುವೆ ಒಂದು ಸಣ್ಣ ಸ್ಟೂಲು ಇಟ್ಟರೆ ಲೋಟವೂ ಮೇಜಿನಿಂದ ದೂರ ಉಳಿಯುತ್ತದೆ, ಬಟ್ಟೆಯೂ ಕ್ಷೇಮ. ಎಲ್‌ಇಡಿ ಪಟ್ಟಿಯ ಬೆಳಕು ಕಣ್ಣಿಗೆ ಕೆಳಗಿನಿಂದ ಬಡಿಯುತ್ತದೆ, ಆಟಕ್ಕೆ ಅದರಿಂದ ಯಾವ ಉಪಯೋಗವೂ ಇಲ್ಲ. ಆ ಹಣವನ್ನು ಒಳ್ಳೆಯ ಪ್ಲಾಸ್ಟಿಕ್ ಎಲೆಗಳಿಗೂ ಬಿಲ್ಲೆಗಳಿಗೂ ಹಾಕುವುದು ಮೇಲು. ಸಾಮಾನ್ಯ ಬಿಲ್ಲೆಯ ಅಡ್ಡಳತೆ 39 ಮಿ.ಮೀ., 11.5 ಗ್ರಾಂ ತೂಕದ್ದು ಕೈಗೆ ಹಿತವಾಗಿರುತ್ತದೆ. ಎಲೆ ಹಂಚುವವರ ಮುಂದೆ ಇಡುವ ಗುರುತಿನ ಬಿಲ್ಲೆಗೆ ನಾನು ಪ್ಲಾಸ್ಟಿಕ್ಕಿನದನ್ನು ಕೊಳ್ಳದೆ, ಚನ್ನಪಟ್ಟಣದ ಅರಗಿನ ಬಣ್ಣದ ಮರದ ಬಿಲ್ಲೆಯೊಂದನ್ನು ಇಟ್ಟುಕೊಂಡಿದ್ದೇನೆ. ಹಸಿರು ಬಟ್ಟೆಯ ಮೇಲೆ ಅದರ ಹಳದಿ ಬಣ್ಣ ದೂರದಿಂದಲೇ ಕಾಣುತ್ತದೆ.

ಬಳಕೆಯಲ್ಲಿ ಮೇಜು ಚೆನ್ನಾಗಿ ನಿಂತಿದೆ. ಎಲೆ ಹಂಚಿದಾಗ ಮೇಜಿನ ಈ ತುದಿಯಿಂದ ಆ ತುದಿಗೆ ಹಾರದೆ, ಮಗುಚದೆ ಜಾರಿಕೊಂಡು ಹೋಗುತ್ತದೆ. ರೈಲು ಮೈಗಿಂತ ಮುಕ್ಕಾಲು ಅಂಗುಲದಷ್ಟು ಎತ್ತರವಿರುವುದರಿಂದ ಎಲೆ ಕೆಳಗೆ ಬೀಳುವುದಿಲ್ಲ. ಟೆಕ್ಸಸ್ ಹೋಲ್ಡ್‌ಎಮ್ ಆಟದಲ್ಲಿ ನಡುವೆ ಹಾಕುವ ಐದು ಎಲೆಗಳು ತುದಿಯಲ್ಲಿ ಕೂತವರಿಗೂ ಸ್ಪಷ್ಟವಾಗಿ ಕಾಣುತ್ತವೆ, 33 ಅಂಗುಲದ ಅಗಲ ಅದಕ್ಕೆ ಹದವಾಗಿದೆ. ಪೋಕರ್ ಬಾರದ ಹಿರಿಯರು ಮನೆಗೆ ಬಂದಾಗ ಇದೇ ಮೇಜಿನ ಮೇಲೆ ರಮ್ಮಿ, ಇಪ್ಪತ್ತೆಂಟರಂಥ ಇಸ್ಪೀಟಿನ ಆಟಗಳು ನಡೆಯುತ್ತವೆ. ಅವರಿಗೂ ಮೆತ್ತನೆಯ ಅಂಚು ಬಹಳ ಇಷ್ಟವಾಗಿದೆ. ಕೊರತೆಯೆಂದರೆ ಎರಡು. ಮೊದಲನೆಯದು ತೂಕ. ಒಬ್ಬರೇ ಇದನ್ನು ಎತ್ತಿ ಹಾಸಲಾಗುವುದಿಲ್ಲ, ವಯಸ್ಸಾದವರು ಮಾತ್ರ ಇರುವ ಮನೆಗೆ ಇದನ್ನು ಸೂಚಿಸಲಾರೆ. ತಳಕ್ಕೆ 9 ಮಿ.ಮೀ. ಪ್ಲೈ ಹಾಕಿದರೆ ಮೂರು ನಾಲ್ಕು ಕಿಲೋ ಇಳಿಯುತ್ತದೆ, ಆಗ ಕೆಳಗಿನ ಪಟ್ಟಿಗಳು ಕಡ್ಡಾಯ. ಎರಡನೆಯದು ಬೇಸಿಗೆಯ ಬೆವರು. ರೆಕ್ಸಿನ್ನು ಗಾಳಿಯಾಡುವ ವಸ್ತುವಲ್ಲ, ಏಪ್ರಿಲ್ ಮೇ ತಿಂಗಳಲ್ಲಿ ಫ್ಯಾನಿನ ಕೆಳಗೆ ಕೂತರೂ ಮುಂಗೈ ಅದಕ್ಕೆ ಅಂಟುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಯಂಥ ಬಿಸಿಲಿನ ಊರುಗಳಲ್ಲಿ ಕಟ್ಟುವವರು ರೈಲಿಗೂ ಒಳಮೈಗೂ ಅದೇ ಪಾಲಿಯೆಸ್ಟರ್ ಬಟ್ಟೆಯನ್ನೇ ಹಾಕಿಕೊಳ್ಳುವುದು ಉತ್ತಮ. ಅದು ರೆಕ್ಸಿನ್ನಿನಷ್ಟು ಹಿಗ್ಗುವುದಿಲ್ಲವಾದ್ದರಿಂದ ತಿರುವುಗಳಲ್ಲಿ ಕೆಳಗಡೆ ಸಣ್ಣ ಮಡಿಕೆಗಳನ್ನು ಕೊಟ್ಟು, ಪಿನ್ನುಗಳನ್ನು ಅಂಗುಲಕ್ಕೊಂದರಂತೆ ಹತ್ತಿರ ಹತ್ತಿರ ಹೊಡೆಯಬೇಕು.